ನೀರಿನಲ್ಲಿ ನಿಂತೂ ಬಾಡುವ ಗಿಡ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬೆಳೆಗಾರರಾದ ನಮಗೆ ನೀರನ್ನು ಹಿಡಿದಿಡುವುದು ಗೊತ್ತು. ಬಸಿದು ಕಳುಹಿಸುವುದು ಅಷ್ಟಾಗಿ ಗೊತ್ತಿಲ್ಲ. ಕೊಳವೆಬಾವಿ ಕೊರೆಸಿ ಕೊರೆಸಿ ಸೋತವರಿಗೆ, ತೋಟದ ನೀರನ್ನು ಹೊರಗೆ ಬಿಡಿ ಎಂದರೆ ಮನಸ್ಸು ಒಪ್ಪುವುದಾದರೂ ಹೇಗೆ?

2022ರ ಮಳೆಗಾಲ ನಮಗೆ ಈ ಪಾಠ ಕಲಿಸಿತು. ಆ ವರ್ಷ ಜಯಮಂಗಲಿ ಉಕ್ಕಿ ಹರಿಯಿತು. ವರ್ಷಗಳಿಂದ ತುಂಬದ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಕೆರೆಯ ಕೆಳಗಿರುವ ನಮ್ಮ ಅಡಿಕೆ ತೋಟದಲ್ಲಿ ವಾರಗಟ್ಟಲೆ ಜೌಗು ನಿಂತಿತು. ಬಿಸಿಲು ಬಂದೊಡನೆ ಎಳೆಯ ಗಿಡಗಳು ಜೋತುಬಿದ್ದು ಕೆಳಗಿನ ಗರಿಗಳು ಹಳದಿಯಾದವು. ಮೇಲ್ಮಣ್ಣು ಒಣಗಿದ್ದನ್ನು ಕಂಡು, ಬಾಯಾರಿಕೆಯೆಂದು ಬಗೆದು ಡ್ರಿಪ್ ಬಿಟ್ಟೆವು, ಯೂರಿಯಾ ಕೊಟ್ಟೆವು. ಗಿಡಗಳು ಇನ್ನಷ್ಟು ಸೊರಗಿದವು. ಹಲವು ಸತ್ತೇ ಹೋದವು. ತಪ್ಪು ನಮ್ಮದೇ.

ಬೇರು ಕೂಡ ನಮ್ಮಂತೆ ಉಸಿರಾಡುತ್ತದೆ. ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬೇರಿಗೆ ಬೇಗನೆ ಉಸಿರುಕಟ್ಟುತ್ತದೆ.

ಇದು ಗಿಡಕ್ಕೆ ತಿಳಿಯುವುದು ಹೇಗೆ? ಮುಖ್ಯವಾಗಿ ಎರಡು ದಾರಿಗಳಿವೆ. ಬಾಳೆಗೊನೆಯನ್ನು ಹಣ್ಣು ಮಾಡುವ ಎಥಿಲೀನ್ ಅನಿಲವನ್ನು ಬೇರುಗಳೂ ಬಿಡುತ್ತವೆ. ಸಾಧಾರಣವಾಗಿ ಅದು ಗಾಳಿಗೆ ಸೇರಿಹೋಗುತ್ತದೆ. ನೀರು ನಿಂತರೆ ಬೇರಿನಲ್ಲೇ ಕೂಡಿಕೊಳ್ಳುತ್ತದೆ. ಅದೇ ಮೊದಲ ಎಚ್ಚರಿಕೆ. ಎರಡನೆಯದನ್ನು ವಿಜ್ಞಾನಿಗಳು 2011ರಲ್ಲಿ ಸಾಸಿವೆ ಕುಟುಂಬದ ಒಂದು ಪುಟ್ಟ ಸಸ್ಯದಲ್ಲಿ ಕಂಡುಕೊಂಡರು. ಜೀವಕೋಶದಲ್ಲಿರುವ ಕೆಲವು ಪ್ರೋಟೀನುಗಳು ಆಮ್ಲಜನಕವಿರುವಾಗ ಹುಟ್ಟಿದ ಹಾಗೆಯೇ ನಾಶವಾಗುತ್ತವೆ. ಆಮ್ಲಜನಕ ಕಡಿಮೆಯಾದರೆ ಉಳಿದುಕೊಂಡು, ಉಸಿರಿಲ್ಲದೆ ಬದುಕುವ ಏರ್ಪಾಡನ್ನು ಆರಂಭಿಸುತ್ತವೆ. ಆದರೆ ಈ ಏರ್ಪಾಡಿನಲ್ಲಿ ಅದೇ ಸಕ್ಕರೆಯಿಂದ ದೊರೆಯುವ ಶಕ್ತಿ ಹದಿನೈದರಲ್ಲಿ ಒಂದು ಪಾಲು ಮಾತ್ರ. ಜೊತೆಗೆ ಬೇರಿನ ಕೋಶದಲ್ಲಿ ಆಮ್ಲ ಹೆಚ್ಚಿ, ನೀರೆಳೆಯುವ ಸೂಕ್ಷ್ಮ ಬಾಗಿಲುಗಳು ಮುಚ್ಚುತ್ತವೆ. ನೀರಿನಲ್ಲಿ ನಿಂತ ಗಿಡ ಬಾಡುವ ಗುಟ್ಟು ಇದೇ.

ಭತ್ತದ ಬೇರಿನೊಳಗೆ ಗಾಳಿಯ ಕೊಳವೆಗಳಿರುವುದರಿಂದ ಅದು ಕೆಸರಿನಲ್ಲಿ ಬಾಳುತ್ತದೆ. ಅಡಿಕೆ, ಕಾಫಿಗಳಿಗೆ ಆ ತಾಳಿಕೆಯಿಲ್ಲ. ನೀರು ಬಸಿಯದ ಅಡಿಕೆ ತೋಟಕ್ಕೆ ಅಣಬೆ ರೋಗದ ಕಾಟವೂ ಹೆಚ್ಚು.

ಹೀಗಾಗಿ, ಮಳೆಯ ನಂತರ ಗಿಡ ಬಾಡಿದರೆ ಮೊದಲು ಗುದ್ದಲಿ ಹಿಡಿಯಿರಿ. ಬುಡದಿಂದ ಸ್ವಲ್ಪ ದೂರದಲ್ಲಿ ಎರಡಡಿ ಗುಂಡಿ ತೋಡಿ, ಮರುದಿನ ಬೆಳಿಗ್ಗೆ ನೋಡಿ. ನೀರು ಒಸರಿ ನಿಂತಿದ್ದರೆ, ಮಣ್ಣು ಕೊಳೆತ ಮೊಟ್ಟೆಯಂತೆ ನಾರಿದರೆ, ಬೇರು ಕಪ್ಪಾಗಿ ಸಿಪ್ಪೆ ಕಳಚಿಬಂದರೆ, ಅದು ಬಾಯಾರಿಕೆಯಲ್ಲ, ಉಸಿರುಕಟ್ಟು. ಡ್ರಿಪ್ ನಿಲ್ಲಿಸಿ. ಹೊಸ ಬಿಳಿ ಬೇರು ಕಾಣುವವರೆಗೆ ಬುಡಕ್ಕೆ ಯೂರಿಯಾ ಬೇಡ. ಜೌಗಿನಲ್ಲಿ ಅದರ ಸಾರಜನಕ ಬಹಳಷ್ಟು ಅನಿಲವಾಗಿ ವ್ಯರ್ಥವಾಗುತ್ತದೆ. ಎರಡು ಸಾಲಿಗೊಂದರಂತೆ, ಬೇರಿನ ಮಟ್ಟಕ್ಕಿಂತ ಆಳವಾದ ಬಸಿಗಾಲುವೆ ತೆಗೆಯಿರಿ. ಅದರ ನೀರನ್ನು ತಗ್ಗಿನ ಕೃಷಿಹೊಂಡಕ್ಕೆ ತಿರುಗಿಸಿದರೆ ಬೇಸಿಗೆಗೆ ನೀರೂ ಉಳಿದೀತು.

ಒಂದು ಮಾತು ಬಾಕಿಯಿದೆ. ಮೇಲಿನವರ ಬಸಿಗಾಲುವೆ ಕೆಳಗಿನವರ ತೋಟದ ಬದುವಿಗೆ ಬಂದು ನಿಂತರೆ ಕಷ್ಟ ಕೈ ಬದಲಾಯಿತೇ ಹೊರತು ಕಳೆಯಲಿಲ್ಲ. ಆದ್ದರಿಂದ ಒಂದೇ ಕೆರೆಯ ಕೆಳಗಿನ ಸದಸ್ಯರೆಲ್ಲ ಮುಂಗಾರಿಗೆ ಮುಂಚೆಯೇ ಕೂಡಿ, ಹಳ್ಳದವರೆಗೆ ಒಂದೇ ಕಾಲುವೆ ತೆಗೆಯುವುದು ಒಳ್ಳೆಯದು. ಸಹಕಾರವೆಂದರೆ ಇದೂ ಹೌದಲ್ಲವೇ?