ಕುಮಾರ ಪರ್ವತದಲ್ಲಿ ದಾರಿ ಕೇಳೋದು ಯಾರನ್ನ?

ಶನಿವಾರ ಬೆಳಿಗ್ಗೆ ಸುಬ್ರಹ್ಮಣ್ಯದ ಬಸ್ಸು ಹತ್ತುವವರಿಗೆ ಇವರ ಪರಿಚಯ ಇದ್ದೇ ಇರುತ್ತದೆ. ಬೆನ್ನಿಗೆ ಅಕ್ಕಿಮೂಟೆಯಂಥ ಚೀಲ, ಕಾಲಿಗೆ ಹೊಸ ಬೂಟು, ಕೈಯಲ್ಲಿ ಮೊಬೈಲು. ದೇವಸ್ಥಾನಕ್ಕೆ ಬಂದವರಲ್ಲ, ಅದರ ಹಿಂದಿನ ಗುಡ್ಡಕ್ಕೆ ಬಂದವರು. "ಗುಡ್ಡೆಗಾ?" ಎಂದು ಕಂಡಕ್ಟರೇ ಕೇಳಿ ಟಿಕೆಟು ಕೊಡುತ್ತಾನೆ.

ಗುಡ್ಡ ಸಣ್ಣದೇನಲ್ಲ. ಕುಮಾರ ಪರ್ವತದ ಎತ್ತರ 1712 ಮೀಟರು. ಕುಕ್ಕೆಯೋ, ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರು ಮಾತ್ರ ಮೇಲಿದೆ. ಅಂದರೆ ಹನ್ನೆರಡು-ಹದಿಮೂರು ಕಿಲೋಮೀಟರು ದಾರಿಯಲ್ಲಿ ಒಂದೂವರೆ ಸಾವಿರ ಮೀಟರು ಹತ್ತಬೇಕು, ಮತ್ತೆ ಅಷ್ಟನ್ನೂ ಇಳಿಯಬೇಕು. ಶಿಖರದಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಸೋಮವಾರಪೇಟೆ ಕಡೆಯಿಂದ ಹತ್ತುವವರಿಗೆ ದಾರಿ ಇದರ ಅರ್ಧದಷ್ಟು.

ಮಳೆಗಾಲ ಕಳೆದ ಮೇಲೆ ನಾನೂ ಹೋಗಿಬಂದೆ. ಜತೆಗೆ ದಿನಸಿ ಅಂಗಡಿ ಇಟ್ಟಿರುವ ಗೆಳೆಯ. ಅವನ ಚೀಲದಲ್ಲಿ ಅವಲಕ್ಕಿ, ಬೆಲ್ಲ, ಉಂಬಳಕ್ಕೆ ಸುಣ್ಣ-ಹೊಗೆಸೊಪ್ಪು, ಮತ್ತೊಂದು ವಿಚಿತ್ರ ವಸ್ತು: ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ನೂಲಿನ ಉಂಡೆ! "ಇದೆಂಥದಕ್ಕೆ ಮಾರಾಯ?" ಅಂದರೆ, "ಇರಲಿ, ಭಾರ ಎಂತ ಇಲ್ಲ" ಅಂದ.

ಕಾಡಿನಲ್ಲಿ ದಾರಿ ತಪ್ಪುತ್ತದೆ ಅನ್ನೋದು ಊರವರ ಮಾತು. ಈ ಗುಡ್ಡದಲ್ಲಿ ಹಾಗಲ್ಲ. ದೇವರಗದ್ದೆಯಿಂದ ಗಿರಿಗದ್ದೆವರೆಗಿನ ದಟ್ಟ ಕಾಡಿನಲ್ಲಿ ದಾರಿ ಒಂದೇ, ಸಾವಿರಾರು ಕಾಲು ತುಳಿದು ಚರಂಡಿಯ ಹಾಗೆ ಆಳವಾಗಿದೆ. ತಪ್ಪುವುದು ಅದರ ಮೇಲೆ, ಬಯಲಾದ ಹುಲ್ಲುಗುಡ್ಡದಲ್ಲಿ. ಅಲ್ಲಿ ಕಾಟಿಗಳು ಓಡಾಡಿದ್ದೂ ದಾರಿಯೇ, ಮಳೆನೀರು ಕೊರೆದದ್ದೂ ದಾರಿಯೇ, ಅವಸರದವರು ಅಡ್ಡ ಹಾಯ್ದದ್ದೂ ದಾರಿಯೇ. ಮಳೆ ಕಳೆದ ಹೊಸತರಲ್ಲಿ ಹುಲ್ಲು ಎದೆಮಟ್ಟ ಬೆಳೆದು ಮೂರನ್ನೂ ಮುಚ್ಚಿರುತ್ತದೆ. ಮೇಲಿಂದ ಮಂಜು ಇಳಿಯಿತೋ, ಹತ್ತು ಮಾರು ಮುಂದಿರುವವನೂ ಮಾಯ. ಅಲ್ಲೊಂದು ಇಲ್ಲೊಂದು ಕಲ್ಲಿನ ಮೇಲೆ ಬಣ್ಣದ ಬಾಣ ಕಂಡಿತು, ಅರ್ಧ ಅಳಿಸಿತ್ತು. ಕೆಲವು ಕಡೆ ಕೊಂಬೆಗೆ ಕಟ್ಟಿದ ಪ್ಲಾಸ್ಟಿಕ್ಕು. ಅದನ್ನು ಕಟ್ಟಿದವನು ಸರಿದಾರಿಯಲ್ಲಿ ಹೋದವನೋ, ತಪ್ಪಿದವನೋ, ದೇವರಿಗೇ ಗೊತ್ತು.

2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಇಲ್ಲೇ ಜತೆಯವರಿಂದ ಬೇರೆಯಾಗಿ ಕಾಣೆಯಾದದ್ದು ನೆನಪಿರಬಹುದು. ಹುಡುಕುವವರು ಕಾಡೆಲ್ಲ ಹುಡುಕುತ್ತಿದ್ದಾಗ ಆತ ನೀರಿನ ಪೈಪೊಂದನ್ನು ಹಿಡಿದು ನಡೆದು, ತಾನೇ ಊರು ಸೇರಿದ. ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಗುಡ್ಡದ ತೊರೆಯಿಂದ ಮನೆಗೆ, ತೋಟಕ್ಕೆ ಪೈಪು ಎಳೆಯೋದು ಇಲ್ಲಿ ಮಾಮೂಲಿ. ಪೈಪಿನ ಕೊನೆಗೆ ಮನೆ ಇದ್ದೇ ಇರುತ್ತದೆ. ತೊರೆ ಹಿಡಿದು ಇಳಿದರೆ ಮಾತ್ರ ಕಷ್ಟ, ಅದು ಎಲ್ಲಿ ಬಂಡೆಯಿಂದ ಧುಮುಕುತ್ತದೋ ಹೇಳಲಾಗದು.

ಕಲ್ಲುಮಂಟಪ ದಾಟಿದ ಮೇಲೆ ನೂಲಿನ ಗುಟ್ಟು ತಿಳಿಯಿತು. ದಾರಿ ಕವಲೊಡೆದಲ್ಲೆಲ್ಲ ಗೆಳೆಯ ನಿಂತು, ಸರಿದಾರಿಯ ಬದಿಯ ಗಿಡಕ್ಕೆ ಒಂದು ಗಂಟು ಹಾಕಿ, ಅಂಗಡಿ ಲೆಕ್ಕದ ಹಾಗೆ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಶೇಷ ಪರ್ವತ ಹತ್ತಿ, ಆಚೆ ಕಾಡಿಗಿಳಿದು, ನೀರು ಜಿನುಗುವ ಬಂಡೆಯ ಮೇಲೆ ಕೈಕಾಲು ಊರಿ ತುದಿ ಮುಟ್ಟುವಾಗ ಗಂಟು ಹನ್ನೊಂದು. ಇಳಿಯುವಾಗ ಒಂದೊಂದೇ ಬಿಚ್ಚುತ್ತಾ ಬಂದೆವು.

ನಾಲ್ಕನೆಯ ಗಂಟಿನ ಹತ್ತಿರ ಮಂಜಿನಲ್ಲಿ ಮೂವರು ಹುಡುಗರು ನಿಂತಿದ್ದರು. ಹೊರಟದ್ದು ನಾಲ್ವರಂತೆ. ಒಬ್ಬ ಬೇಗ ನಡೆಯುವವ, "ಕೆಳಗೆ ಸಿಗ್ತೇನೆ" ಅಂತ ಮುಂದೆ ಹೋಗಿದ್ದ. ಮೊಬೈಲಿಗೆ ಸಿಗ್ನಲ್ ಇಲ್ಲ. ಒಬ್ಬನಿಗಂತೂ ಅಳುವೇ ಬಂದಿತ್ತು. ಎಡಗಡೆಯ ಕಾಟಿದಾರಿಯ ಹುಲ್ಲು ಹೊಸದಾಗಿ ಮಲಗಿದ್ದನ್ನು ಗೆಳೆಯ ನೋಡಿದ. ಹುಡುಗರು ಅತ್ತ ಓಡಹೊರಟರು. "ಯಾರೂ ಕದಲಬೇಡಿ, ಇಲ್ಲೇ ನಿಂತು ಕೂಗಿ" ಎಂದು ತಡೆದ. ಐವರೂ ಸೇರಿ ಕೂಗಿದೆವು. ಅರ್ಧ ಗಂಟೆ ಉತ್ತರವಿಲ್ಲ. ಗಡಿಯಾರ ನಾಲ್ಕು ದಾಟಿತು. ಆಮೇಲೆ ಕೆಳಗಿನಿಂದ ಒಂದು ಕ್ಷೀಣ "ಓ...". ಹುಡುಗ ಮೇಲೆ ಬಂದಾಗ ಮೊಣಕಾಲವರೆಗೆ ಉಂಬಳ, ಒಂದು ಬೂಟಿನ ಅಟ್ಟೆ ಕಿತ್ತುಹೋಗಿತ್ತು. ನೀರಿನ ಸದ್ದು ಕೇಳಿ ಗಿರಿಗದ್ದೆ ಬಂತು ಅಂದುಕೊಂಡನಂತೆ. ಅವನಿಗೆ ಮೂವರೂ ಸೇರಿ ಬೈದದ್ದನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ.

2024ರ ಜನವರಿ ಕೊನೆಯಲ್ಲಿ ಇಲ್ಲಿ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಚಾರಣ ನಿಂತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟು ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಒಳ್ಳೆಯದೇ ಆಯಿತು. ತಲೆ ಎಣಿಸುವುದಕ್ಕೆ ವ್ಯವಸ್ಥೆ ಆದಮೇಲೆ, ಕವಲು ಎಣಿಸುವುದಕ್ಕೂ ಆಗಬಾರದೇಕೆ? ಬೋರ್ಡು ಬೇಡ, ಗುಡ್ಡಕ್ಕೆಲ್ಲ ಬಣ್ಣ ಬಳಿಯುವುದೂ ಬೇಡ. ಕವಲಿಗೊಂದು ಕಲ್ಲು ನೆಟ್ಟು ನಂಬರು ಕೆತ್ತಿದರೆ, ತಪ್ಪಿದವನು ಎಷ್ಟನೆಯ ಕಲ್ಲಿನವರೆಗೆ ಜತೆಗಿದ್ದ ಅನ್ನೋದಾದರೂ ಹುಡುಕುವವರಿಗೆ ಸಿಗುತ್ತದೆ. ಕಲ್ಲುಮಂಟಪದಿಂದ ತುದಿವರೆಗೆ ಬೇಕಾಗುವುದು ನಮ್ಮ ಲೆಕ್ಕದಲ್ಲಿ ಹನ್ನೊಂದೇ ಕಲ್ಲು. ಎಲ್ಲೆಲ್ಲಿ ಅಂತ ಬರೆದ ಚೀಟಿ ಗೆಳೆಯನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಉಂಟು. ಬೇಕಾದವರು ಕೇಳಿದರೆ ಕೊಡುತ್ತಾನೆ.