ತೋಪಿಗೆ ಗಾಲಿ ಹುಡುಕುತ್ತ

ಚಿತ್ರದುರ್ಗದ ಕೋಟೆ ಹತ್ತುವವರೆಲ್ಲ ಮದ್ದು ಬೀಸುವ ಕಲ್ಲಿನ ಹತ್ತಿರ ಒಂದಿಷ್ಟು ಹೊತ್ತು ನಿಲ್ಲುತ್ತಾರೆ. ದುಂಡಗೆ ಇಳಿಸಿದ ಹೊಂಡ, ಅದರೊಳಗೆ ನಾಲ್ಕು ಭಾರೀ ಬೀಸುಕಲ್ಲು. ಪೆಟ್ಲುಪ್ಪು, ಗಂಧಕ, ಇದ್ದಿಲು ಅರೆದು ತೋಪಿನ ಮದ್ದು ಮಾಡುತ್ತಿದ್ದ ಜಾಗ ಇದು. ಕಲ್ಲು ಹಾಗೇ ಉಳಿದಿದೆ. ಅದನ್ನು ತಿರುಗಿಸುತ್ತಿದ್ದ ಮರದ ತೊಲೆ ಎಂದೋ ಮಣ್ಣಾಗಿದೆ. ತೋಪುಗಳ ಗತಿಯೂ ಹೀಗೇ. ನಳಿಗೆ ಮುನ್ನೂರು ವರ್ಷ ಬಾಳುತ್ತದೆ. ಅದನ್ನು ಹೊತ್ತ ಗಾಡಿಯನ್ನು ಗೆದ್ದಲು, ಮಳೆ, ಒಲೆ ಹಂಚಿಕೊಂಡು ತಿಂದುಬಿಡುತ್ತವೆ. ಹಳೆಯ ತೋಪನ್ನು ಮತ್ತೆ ನಿಲ್ಲಿಸಲು ಹೊರಟವರ ಮುಂದಿರುವ ದೊಡ್ಡ ಕೆಲಸವೆಂದರೆ ಕಾಣದಾದ ಆ ಗಾಡಿಯನ್ನು ಹುಡುಕುವುದು.

ಹುಡುಕಾಟ ನಳಿಗೆಯಿಂದಲೇ ಶುರುವಾಗಬೇಕು. ದುರ್ಗದಂಥ ಕಡೆ ಇದು ಸುಲಭವಲ್ಲ. ನಾಯಕರು ಆಳಿದರು, 1779ರಲ್ಲಿ ಹೈದರಾಲಿ ಗೆದ್ದ, 1799ರ ನಂತರ ಬ್ರಿಟಿಷರ ಕಾಲ ಬಂತು. ಯಾವ ತೋಪು ಯಾರದು? ಟಿಪ್ಪುವಿನ ಕಂಚಿನ ತೋಪುಗಳಲ್ಲಿ ಹುಲಿಪಟ್ಟೆಯ ಗುರುತು, ಪಾರಸಿ ಬರಹ ಇರುತ್ತವೆ. ಬ್ರಿಟಿಷ್ ತೋಪಾದರೆ ಬಾಣದ ತಲೆಯಂಥ ಗುರುತು, ರಾಜಮುದ್ರೆ, ಜೊತೆಗೆ ತೂಕದ ಮೂರು ಅಂಕಿ. 9-1-14 ಎಂದು ಕೊರೆದಿದ್ದರೆ 9 ಹಂಡ್ರೆಡ್‌ವೇಟ್, 1 ಕ್ವಾರ್ಟರ್, 14 ಪೌಂಡ್ ಎಂದರ್ಥ. ಹಂಡ್ರೆಡ್‌ವೇಟ್ ಅಂದರೆ ನೂರಲ್ಲ, 112 ಪೌಂಡ್, ಕ್ವಾರ್ಟರ್ 28. ಕೂಡಿದರೆ 1,050 ಪೌಂಡ್, ಸುಮಾರು 476 ಕಿಲೋ. ಬಾಯಿಯ ಅಗಲ 3.67 ಇಂಚು ಇದ್ದರೆ ಆರು ಪೌಂಡಿನ ಗುಂಡಿನ ತೋಪು, 4.2 ಇದ್ದರೆ ಒಂಬತ್ತು ಪೌಂಡಿನದು.

ಇದೆಲ್ಲ ಅಂಕಿಗಳ ಚಪಲಕ್ಕಲ್ಲ. ನಳಿಗೆಯ ಎರಡೂ ಪಕ್ಕ ಗೂಟದಂತೆ ಚಾಚಿದ ತೋಳುಗಳಿರುತ್ತವಲ್ಲ, ತೋಪು ಗಾಡಿಯ ಮೇಲೆ ಕೂರುವುದು ಅವುಗಳ ಮೇಲೆ. ತೋಳಿನ ದಪ್ಪ ತಿಳಿದರೆ ಅದನ್ನು ಹಿಡಿಯುವ ಕಬ್ಬಿಣದ ಪಟ್ಟಿಯ ಅಳತೆ ಸಿಗುತ್ತದೆ. ತೋಳಿನಿಂದ ತೋಳಿಗಿರುವ ಅಂತರದಿಂದ ಗಾಡಿಯ ಅಗಲ, ತೂಕದಿಂದ ಅಚ್ಚಿನ ಗಾತ್ರ. ಕಳೆದುಹೋದ ಗಾಡಿಯ ಜಾತಕ ನಳಿಗೆಯ ಮೈಮೇಲೇ ಇದೆ. ಅದಕ್ಕೇ, ಹೂತು ಸಿಕ್ಕ ತೋಪನ್ನು ಕಂಡ ಕೂಡಲೇ ತಂತಿಬ್ರಷ್ ಹಿಡಿದು ಉಜ್ಜಬಾರದು. ತುಕ್ಕಿನ ಜೊತೆ ಅಕ್ಷರವೂ ಉದುರುತ್ತದೆ. ಮೊದಲು ಅಳತೆ, ಫೋಟೊ. ಆಮೇಲೆ ನಿಧಾನವಾಗಿ ತುಕ್ಕು ಬಿಡಿಸಿ ಟ್ಯಾನಿಕ್ ಆಮ್ಲದ ಲೇಪ. ನಮ್ಮ ಸೀಮೆಯಲ್ಲಿ ಚರ್ಮ ಹದಮಾಡಲು ಬಳಸುತ್ತಿದ್ದ ತಂಗಡಿ ಚಕ್ಕೆಯಲ್ಲೂ, ಅಳಲೆಕಾಯಿಯಲ್ಲೂ ಇರುವುದು ಇಂಥದೇ ಒಗರು. ಅದು ತಾಗಿದ ಕಬ್ಬಿಣ ಕಪ್ಪಾಗಿ ನಿಂತುಕೊಳ್ಳುತ್ತದೆ.

ಹಳೆಯ ಬಿಡಿಭಾಗ ಅಂಗಡಿಯಲ್ಲಿ ಸಿಗುವ ಮಾತಿಲ್ಲ. ನೂರು ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ. ಪರವಾನಗಿ ಇಲ್ಲದೆ ಮಾರುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ. ಸಿಗುವುದು ನೆಲದಲ್ಲಿ, ಬಾವಿಯಲ್ಲಿ. 2012ರಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ತಿರ ಮೆಟ್ರೊಗೆಂದು ಅಗೆದಾಗ ತೋಪು ಸಿಕ್ಕಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಬತ್ತಿದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಅಲ್ಲಿ ಸುಳಿವು ಕೊಟ್ಟದ್ದು ಮಣ್ಣಿನಲ್ಲಿದ್ದ ಮದ್ದಿನ ವಾಸನೆ. ಊರಿನವರು ಬಾವಿ ತೋಡುವಾಗ ಕಬ್ಬಿಣದ ತುಂಡೊಂದು ಸಿಕ್ಕರೆ ಗುಜರಿಗೆ ಹಾಕದೆ ಪುರಾತತ್ವ ಇಲಾಖೆಗೆ ತಿಳಿಸಿದರೆ ಅದೇ ದೊಡ್ಡ ಉಪಕಾರ.

ಗಾಡಿಯೊಂದಿಗೆ ಬದುಕಿರುವ ತೋಪು ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. ದಸರೆಯ ಜಂಬೂಸವಾರಿಯ ದಿನ ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಕುಶಾಲ ತೋಪು ಹಾರಬೇಕು. ಪೊಲೀಸರ ಪಿರಂಗಿ ದಳ ಅದಕ್ಕಾಗಿ ಮೊದಲೇ ತಾಲೀಮು ನಡೆಸುತ್ತದೆ. ಪ್ರತಿ ಸುತ್ತಿಗೂ ನಳಿಗೆಯೊಳಗೆ ಉದ್ದ ಕೋಲು ತೂರಿಸಿ ಒರೆಸುತ್ತಾರೆ; ಕಿಡಿ ಉಳಿದಿದ್ದರೆ ಮುಂದಿನ ಮದ್ದು ಕೈಯಲ್ಲೇ ಸಿಡಿಯುತ್ತದೆ. ಆ ಕೋಲೂ ತೋಪಿನ ಒಂದು ಭಾಗವೇ ಎನ್ನುವುದು ಅಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ.

ಇನ್ನು ಸಿಗದೇ ಹೋದದ್ದನ್ನು ಹೊಸದಾಗಿ ಮಾಡಿಸಬೇಕು. ಈ ಮಾತು ಬಂದಾಗಲೆಲ್ಲ ನನಗೆ ನಮ್ಮ ಸೀಮೆಯ ಕುಲುಮೆಗಳ ನೆನಪು. ವೇದಾವತಿಗೆ 1898ರಿಂದ 1907ರವರೆಗೆ ಅಣೆಕಟ್ಟು ಕಟ್ಟಿದ ಮಾರಿಕಣಿವೆಯ ಸುತ್ತ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. ಹಿಂದೆ ಅದನ್ನು ಇಲ್ಲೇ ಕರಗಿಸುತ್ತಿದ್ದರು. ಹೊಸದುರ್ಗದ ಮತ್ತೋಡು ಗಾಜಿನ ಬಳೆಗೆ ಹೆಸರಾಗಿದ್ದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅದರ ಬಗ್ಗೆ ಬರೆದಿದ್ದಾನೆ.

ಬಳೆಯ ಮಾತು ಸುಮ್ಮನೆ ಬರಲಿಲ್ಲ. ಎರಕ ಹೊಯ್ಯದೆ ಬಡಿದು ಮಾಡಿದ ಹಳೆಯ ತೋಪುಗಳಿಗೆ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಉಂಗುರಗಳನ್ನು ಬಳೆಯಂತೆ ತೊಡಿಸುತ್ತಿದ್ದರು. ಆರಿದಾಗ ಉಂಗುರ ಕುಗ್ಗಿ ಪಟ್ಟಿಗಳನ್ನು ಬಿಗಿಯುತ್ತಿತ್ತು. ಎತ್ತಿನಗಾಡಿಯ ಗಾಲಿಗೆ ಹಳಿ ಏರಿಸುವುದೂ ಹೀಗೆಯೇ. ನಳಿಗೆಯೂ ಗಾಲಿಯೂ ಒಂದೇ ವಿದ್ಯೆಯ ಮಕ್ಕಳು. ಹಾಗಾಗಿ ತೋಪಿನ ಗಾಡಿ ಕಟ್ಟಿಸುವವರು ದೂರದ ಕಾರ್ಖಾನೆಗೆ ಬರೆಯುವ ಮೊದಲು ಕರಿಜಾಲಿಯ ಗುಂಬ ಕಡೆಯಬಲ್ಲ, ಕಡಾಣಿಯ ಅಳತೆ ಬಾಯಲ್ಲೇ ಹೇಳಬಲ್ಲ ಹಳ್ಳಿಯ ಆಚಾರಿಯನ್ನು ಹುಡುಕಲಿ ಎನ್ನುವುದು ನನ್ನ ಆಸೆ. ಟೈರಿನ ಗಾಡಿ ಬಂದ ಮೇಲೆ ಅಂಥವರು ಕಡಿಮೆಯಾಗಿದ್ದಾರೆ, ಇರುವವರಿಗೂ ವಯಸ್ಸಾಗಿದೆ.

ಚಿಕ್ಕಂದಿನಲ್ಲಿ ಹಳಿ ಏರಿಸುವುದನ್ನು ನೋಡಿದ್ದೇನೆ. ನೆಲದ ಮೇಲೆ ಹಳಿ, ಸುತ್ತ ಬೆರಣಿಯ ಬೆಂಕಿ. ಕೆಂಪಗಾದಾಗ ಇಕ್ಕಳದಲ್ಲಿ ಮೂವರು ಎತ್ತಿ ಗಾಲಿಯ ಮೇಲೆ ಕೂರಿಸುತ್ತಿದ್ದರು. ಮರ ಹೊಗೆಯಾಡಿ ಹತ್ತಿಕೊಳ್ಳುವ ಹೊತ್ತಿಗೆ ಹೆಂಗಸರು ಕೊಡದಿಂದ ನೀರು ಸುರಿಯುತ್ತಿದ್ದರು. ಆವಿಯ ನಡುವೆ ಗಾಲಿಯ ಸಂದುಗಳು ಒಂದೊಂದಾಗಿ ಟಕ್ ಟಕ್ ಎಂದು ಮುಚ್ಚಿಕೊಳ್ಳುವ ಸದ್ದು. ಅಜ್ಜ ಕಿವಿಗೊಟ್ಟು ಎಣಿಸುತ್ತಿದ್ದರು. ಕೊನೆಯ ಸಂದು ಕೂತಿತು ಎಂದು ಅವರು ತಲೆಯಾಡಿಸಿದ ಮೇಲೆಯೇ ನೀರು ನಿಲ್ಲುತ್ತಿತ್ತು.