ನಡುದಾರಿಯ ತಂಗುದಾಣ

ಮಗಳೋ ಮಗನೋ ಒಂದು ವರ್ಷ ವಿದೇಶದಲ್ಲಿ ಸ್ವಯಂಸೇವೆ ಮಾಡುತ್ತೇನೆಂದು ಹೊರಟರೆ ನೀವು ಏನೇನು ಕೇಳುತ್ತೀರಿ? ಊಟ ಹೇಗೆ, ವಾಸ ಎಲ್ಲಿ, ಜೊತೆಗೆ ಯಾರಿದ್ದಾರೆ? ಇವನ್ನೆಲ್ಲ ಕೇಳಲೇಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಕೇಳದ ಪ್ರಶ್ನೆಯೊಂದಿದೆ: ಅವಧಿಯ ನಡುವೆ ತರಬೇತಿ ಶಿಬಿರ ಇದೆಯೇ?

ಜರ್ಮನಿಯ ಅಭಿವೃದ್ಧಿ ಸಹಕಾರ ಸಚಿವಾಲಯ 2008ರಲ್ಲಿ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ ಆರಂಭಿಸಿತು. 'ಜಗತ್ತಿನ ಕಡೆಗೆ' ಎಂದು ಅದರ ಅರ್ಥ. ಇದರಡಿ 18ರಿಂದ 28 ವರ್ಷದ ಯುವಜನರು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹೋಗುತ್ತಾರೆ. 2013ರಿಂದ ಈ ದೇಶಗಳವರಿಗೂ ಜರ್ಮನಿಯ ಬಾಗಿಲು ತೆರೆಯಿತು. ಒಂದು ವರ್ಷದ ಸೇವೆಗೆ 25 ದಿನಗಳ ಶಿಬಿರ ಕಡ್ಡಾಯ. ಹೊರಡುವ ಮುನ್ನ ಒಂದು, ನಡುವೆ ಒಂದು, ಮರಳಿದ ಮೇಲೆ ಒಂದು. ಯುರೋಪಿಯನ್ ಒಕ್ಕೂಟದ ಸ್ವಯಂಸೇವಾ ಯೋಜನೆಯಲ್ಲೂ ದೀರ್ಘಾವಧಿಗೆ ಬಂದವರಿಗೆ ನಡುಶಿಬಿರ ಇದೆ.

ನಡುವೆಯೇ ಏಕೆ? ಮೊದಲ ವಾರಗಳಲ್ಲಿ ಎಲ್ಲವೂ ಹೊಸತು, ಎಲ್ಲವೂ ಚೆಂದ. ಬಳಿಕ ಭಾಷೆ ಅರ್ಥವಾಗದ ಆಯಾಸ, ಒಂಟಿತನ, ಮನೆಯೂಟದ ನೆನಪು. 'ನಾನಿಲ್ಲದಿದ್ದರೂ ಇಲ್ಲಿ ಏನೂ ನಿಲ್ಲುವುದಿಲ್ಲವಲ್ಲ' ಎಂಬ ಬೇಸರ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರ ತಮ್ಮ ಲೇಖನದಲ್ಲಿ ಈ ಸ್ಥಿತಿಯನ್ನು 'ಸಾಂಸ್ಕೃತಿಕ ಆಘಾತ' ಎಂದು ವಿವರಿಸಿದರು. ಎಲ್ಲರಿಗೂ ಒಂದೇ ರೀತಿ ಆಗಬೇಕೆಂದಿಲ್ಲ. ಆದರೆ ಆದವರು ಅದನ್ನು ತಮ್ಮದೇ ದೌರ್ಬಲ್ಯವೆಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತಾರೆ.

ಶಿಬಿರ ಆ ಬಾಯಿ ತೆರೆಸುತ್ತದೆ. ಬೇರೆಬೇರೆ ಊರುಗಳಲ್ಲಿರುವವರು ಕೆಲವು ದಿನ ಒಂದೆಡೆ ಸೇರುತ್ತಾರೆ. ಬಂದಂದಿನಿಂದ ಕಂಡ ಏಳುಬೀಳುಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವುದು ಅಲ್ಲಿನ ಒಂದು ಸಾಮಾನ್ಯ ಅಭ್ಯಾಸ. ಪಕ್ಕದವಳ ಗೆರೆಯೂ ಅದೇ ತಿಂಗಳಲ್ಲಿ ಕೆಳಗಿಳಿದಿದ್ದರೆ ಎಷ್ಟು ಸಮಾಧಾನ, ಯೋಚಿಸಿ! ನಂತರ ತೊಂದರೆಗಳನ್ನು ವಿಂಗಡಿಸಬಹುದು: ನಾನು ಬದಲಿಸಬಹುದಾದದ್ದು ಯಾವುದು, ಸಂಸ್ಥೆಯೊಂದಿಗೆ ಮಾತಾಡಬೇಕಾದದ್ದು ಯಾವುದು, ಹೊಂದಿಕೊಳ್ಳಬೇಕಾದದ್ದು ಯಾವುದು?

ಇನ್ನೊಂದು ಕಠಿಣ ಪ್ರಶ್ನೆಯೂ ಅಲ್ಲಿ ಏಳಬೇಕು. ನನ್ನ ಸೇವೆಯಿಂದ ಯಾರಿಗೆ ಉಪಕಾರ? ಊರಿನವರೊಬ್ಬರು ಸಂಬಳಕ್ಕೆ ಮಾಡಬೇಕಾದ ಕೆಲಸವನ್ನು ನಾನು ಪುಕ್ಕಟೆ ಮಾಡುತ್ತಿದ್ದೇನೆಯೇ? ನನ್ನನ್ನು ಹಚ್ಚಿಕೊಂಡ ಮಗು ನಾನು ಹೊರಟ ದಿನ ಏನು ಮಾಡೀತು? ವರ್ಷ ಮುಗಿದ ಮೇಲೆ ಕೇಳಿಕೊಂಡರೆ ಬರೀ ಪಶ್ಚಾತ್ತಾಪ ಉಳಿಯುತ್ತದೆ. ನಡುವೆ ಕೇಳಿಕೊಂಡರೆ ತಿದ್ದಲು ಇನ್ನೂ ಆರು ತಿಂಗಳಿರುತ್ತದೆ.

ತಾಯಂದಿರೇ, ಆ ದಿನಗಳಲ್ಲಿ ಫೋನಿನಲ್ಲಿ ಅಳು ಕೇಳಿದರೆ 'ಇಂದೇ ಹೊರಟು ಬಾ' ಎನ್ನಬೇಡಿ, 'ಸಹಿಸಿಕೋ' ಎಂದೂ ಹೇಳಬೇಡಿ. ಏನಾಯಿತು, ಅಲ್ಲಿ ಯಾರಿಗೆ ಹೇಳಿದ್ದೀ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆದರೆ ಕಿರುಕುಳ, ಬೆದರಿಕೆ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವಂತಹ ವಿಷಯವಿದ್ದರೆ ಶಿಬಿರಕ್ಕಾಗಿ ಕಾಯಬಾರದು. ಕಳುಹಿಸಿದ ಸಂಸ್ಥೆಗೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೂ ತಕ್ಷಣ ತಿಳಿಸಿ.

ಒಪ್ಪಿಗೆ ಕೊಡುವ ಮೊದಲೇ ಆ ಎರಡೂ ಕಚೇರಿಗಳ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ನಡುಶಿಬಿರ ಯಾವ ತಿಂಗಳು, ಎಲ್ಲಿ, ನಡೆಸುವವರು ಯಾರು ಎಂದೂ ಕೇಳಿ. ಉತ್ತರ ಸಿಗದಿದ್ದರೆ ಸಹಿ ಹಾಕಲು ಅವಸರಪಡಬೇಡಿ.